ಪುಸ್ತಕದ ಕಪ್, ನಮ್ಮ ಮನೆಯ ಲೋಟ

ಡಯಟ್ ಅಡುಗೆ ಪುಸ್ತಕ ಇಟ್ಟುಕೊಂಡು ಮನೆಯಲ್ಲಿ ಅಡುಗೆ ಮಾಡುವವರ ಪೇಚಾಟಗಳನ್ನು ಬರೆದು ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಒಳ್ಳೊಳ್ಳೆ ಪತ್ರಗಳು ಬಂದಿವೆ. ಕೆಲವಕ್ಕೆ ನಗು ಬಂತು, ಎರಡಕ್ಕೆ ಮಾತ್ರ ಭಯವಾಯಿತು. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಪಥ್ಯದ ಅಡುಗೆ ನೋಡಿಕೊಳ್ಳುತ್ತಿದ್ದವಳು, ಈಗ ನಿವೃತ್ತಳು. ಕಾಯಿಲೆ, ಮಾತ್ರೆಗಳ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ. ಒಲೆ, ಸೌಟು, ಒಗ್ಗರಣೆ ವಿಷಯಕ್ಕಾದರೆ ನಾನು ಜಗಳಕ್ಕೂ ಸಿದ್ಧ.

ಮಗಳು ಹುಟ್ಟುಹಬ್ಬಕ್ಕೆ ಡಯಟ್ ಅಡುಗೆ ಪುಸ್ತಕ ಕೊಟ್ಟಳು. ತೆರೆದರೆ ಕ್ವಿನೋವಾ, ಕೇಲ್, ಜುಕಿನಿ, ಗ್ರೀಕ್ ಯೋಗರ್ಟ್, ಆಲಿವ್ ಎಣ್ಣೆ. ನಮ್ಮ ಊರಿನ ಅಂಗಡಿಯವರು ಹೆಸರನ್ನೇ ಕೇಳಿಲ್ಲ. ಆನ್‌ಲೈನ್‌ನಲ್ಲಿ ತರಿಸಿದರೆ ಒಂದು ವಾರದ ಅಡುಗೆಗೆ ತಿಂಗಳ ದಿನಸಿಯ ದುಡ್ಡು. ಮಗಳಿಗೆ ಬೇಜಾರಾಗುತ್ತದೆ ಅಂತ ಸುಮ್ಮನಿದ್ದೇನೆ. ಏನು ಮಾಡಲಿ? — ಗೃಹಿಣಿ, ಹಿರಿಯೂರು

ಪುಸ್ತಕ ಇರಲಿ, ಆ ಸಾಮಾನಿನ ಪಟ್ಟಿ ಬಿಡಿ. ಒಂದೊಂದು ಪದಾರ್ಥವೂ ಆ ಅಡುಗೆಯಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ನೋಡಿ. ಆ ಕೆಲಸವನ್ನು ನಮ್ಮ ಕಡೆ ಯಾವುದು ಮಾಡುತ್ತದೋ ಅದನ್ನು ಹಾಕಿ.

ಕ್ವಿನೋವಾ ದಕ್ಷಿಣ ಅಮೆರಿಕದ ಪೆರು, ಬೊಲಿವಿಯಾ ಬೆಟ್ಟಗಳ ಬೆಳೆ. ಅಲ್ಲಿನ ರೈತರು ಅದನ್ನು ತಿಂದಿದ್ದು ಹೊಲದಲ್ಲಿ ಬೆಳೆಯುತ್ತಿತ್ತು ಅಂತ, ಡಯಟ್ ಅಂತ ಅಲ್ಲ. ಪುಸ್ತಕದವರು ಅದನ್ನು ಆರಿಸಿರುವುದು ಬಿಳಿ ಅಕ್ಕಿಗಿಂತ ನಾರು, ಪ್ರೋಟೀನ್ ಜಾಸ್ತಿ ಇದೆ ಎಂದು. ನಿಮ್ಮದೇ ಜಿಲ್ಲೆಯ ಹೊಸದುರ್ಗದ ಕಡೆ ಸಾಮೆ ಬೆಳೆಯುತ್ತಾರೆ. ಅದನ್ನೇ ತನ್ನಿ, ಇಲ್ಲವೇ ನವಣೆ. ಅರ್ಧ ಗಂಟೆ ನೆನೆಸಿ, ಒಂದು ಅಳತೆಗೆ ಎರಡೂವರೆ ಅಳತೆ ನೀರಿಟ್ಟು ಬೇಯಿಸಿ, ತಟ್ಟೆಗೆ ಹರವಿ ಆರಲು ಬಿಡಿ. ಪುಸ್ತಕದ ಕ್ವಿನೋವಾ ಸಲಾಡ್‌ಗೆ ಏನೇನು ಹೇಳಿದ್ದಾರೋ, ಸೌತೆಕಾಯಿ, ಟೊಮೆಟೊ, ಈರುಳ್ಳಿ, ನಿಂಬೆರಸ, ಎಲ್ಲ ಇದಕ್ಕೇ ಹಾಕಿ. ಪ್ರೋಟೀನಿನಲ್ಲಿ ಮಾತ್ರ ಕ್ವಿನೋವಾ ಒಂದು ಕೈ ಮೇಲು. ಅದಕ್ಕೆ ಬೇಯಿಸಿದ ಕಡಲೆಕಾಳೋ ಹೆಸರುಕಾಳೋ ಒಂದು ಹಿಡಿ ಬೆರೆಸಿ, ಲೆಕ್ಕ ಸರಿಹೋಗುತ್ತದೆ.

ಅಂಗಡಿಯಲ್ಲಿ ಒಂದು ಎಚ್ಚರ. ಸಾಮೆ ಅಕ್ಕಿ ಬೆಳ್ಳಗೆ ಮಿರಮಿರ ಅನ್ನುತ್ತಿದ್ದರೆ ಕೊಳ್ಳಬೇಡಿ. ತೌಡೆಲ್ಲ ಪಾಲಿಶ್‌ನಲ್ಲಿ ಹೋಗಿರುತ್ತದೆ. ನೀವು ದುಡ್ಡು ಕೊಡುತ್ತಿರುವುದೇ ಆ ತೌಡಿಗೆ ಅಲ್ವಾ?

ಕೇಲ್ ಎಲೆಕೋಸಿನ ಬಳಗದ್ದು. ಬೇಯಿಸುವ ಅಡುಗೆಯಾದರೆ ಅದರ ಜಾಗಕ್ಕೆ ನುಗ್ಗೆಸೊಪ್ಪು, ದಂಟಿನ ಸೊಪ್ಪು, ಚಕ್ಕೋತ ಯಾವುದಾದರೂ ನಡೆಯುತ್ತದೆ. ಹಸಿ ಸಲಾಡ್ ಆದರೆ ನುಗ್ಗೆಸೊಪ್ಪು ಹಾಕಬೇಡಿ, ಕಹಿ. ಎಲೆಕೋಸನ್ನೇ ಸಣ್ಣಗೆ ಹೆಚ್ಚಿ ಹಾಕಿ. ಜುಕಿನಿಗೆ ಎಳೆ ಹೀರೆಕಾಯಿ ಅಥವಾ ಸೋರೆಕಾಯಿ. ಗ್ರೀಕ್ ಯೋಗರ್ಟ್ ಎಂದರೆ ನೀರು ಬಸಿದ ಗಟ್ಟಿ ಮೊಸರು. ರಾತ್ರಿ ತೆಳುಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಜರಡಿ ಮೇಲಿಡಿ, ಬೆಳಿಗ್ಗೆಗೆ ಸಿದ್ಧ. ಕೆಳಗೆ ಇಳಿದ ನೀರನ್ನು ಚಪಾತಿ ಹಿಟ್ಟು ಕಲಸಲು ಇಟ್ಟುಕೊಳ್ಳಿ.

ಇನ್ನು ಎಣ್ಣೆ. ಆಲಿವ್ ಎಣ್ಣೆಯಲ್ಲಿ ಗ್ರಾಂಗೆ 9 ಕ್ಯಾಲರಿ. ಕಡಲೆಕಾಯಿ ಎಣ್ಣೆಯಲ್ಲೂ 9. ಕಡಲೆಕಾಯಿ ಎಣ್ಣೆಯನ್ನೇ ಪುಸ್ತಕ ಹೇಳಿದಷ್ಟು ಅಳೆದು ಹಾಕಿ. ಆ ಪುಸ್ತಕದಲ್ಲಿ ಕಲಿಯಬೇಕಾದದ್ದು ಆ ಅಳತೆ ಒಂದೇ. ಉಳಿದದ್ದು ನಿಮಗೆ ಆಗಲೇ ಬರುತ್ತದೆ.

ನಿವೃತ್ತನಾದ ಮೇಲೆ ಅಡುಗೆ ಕಲಿಯುತ್ತಿದ್ದೇನೆ. ಪುಸ್ತಕದಲ್ಲಿ ಇದ್ದಂತೆಯೇ ಮಾಡಿದರೂ ಒಂದು ದಿನ ಪಲಾವ್ ನೀರು ನೀರು, ಇನ್ನೊಂದು ದಿನ ಕಲ್ಲು. 'ನಾಲ್ಕು ಜನಕ್ಕೆ' ಎಂದು ಬರೆದದ್ದನ್ನು ನಾನೂ ನನ್ನ ಹೆಂಡತಿಯೂ ಮುಗಿಸಿಬಿಡುತ್ತೇವೆ. ಹಾಗಾದರೆ ಪುಸ್ತಕದ ಕ್ಯಾಲರಿ ಲೆಕ್ಕ ಸರಿಯೇ? — ಕುವೆಂಪುನಗರ, ಮೈಸೂರು

ಸಾರ್, ಮೊದಲು ನಿಮ್ಮ ಕಪ್ ಯಾವುದು ಹೇಳಿ. ಪುಸ್ತಕದ ಕಪ್ ಎಂದರೆ 240 ಮಿಲಿಲೀಟರ್, ಕೆಲವರು 250 ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅಕ್ಕಿ ಅಳೆಯುವುದು ಕೈಗೆ ಸಿಕ್ಕ ಲೋಟದಲ್ಲಿ, ನೀರು ಅಳೆಯುವುದು ಇನ್ನೊಂದು ಲೋಟದಲ್ಲಿ. ಅಕ್ಕಿಗೂ ನೀರಿಗೂ ಒಂದೇ ಲೋಟ ಇದ್ದರೆ ಪಲಾವ್ ಕೆಡುವುದಿಲ್ಲ. ಕ್ಯಾಲರಿ ಲೆಕ್ಕವೂ ಬೇಕು ಅನ್ನುವುದಾದರೆ ಅಳತೆ ಕಪ್‌ಗಳ ಒಂದು ಸೆಟ್ ತಂದಿಡಿ. ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯೇನಲ್ಲ. ಒಂದು ಚಿಕ್ಕ ಅಡುಗೆ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು.

ಚಮಚದ ಕಥೆ ಇನ್ನೂ ಮಜಾ. ಟೇಬಲ್ ಸ್ಪೂನ್ 15 ಮಿಲಿಲೀಟರ್, ಟೀ ಸ್ಪೂನ್ 5. ಕನ್ನಡ ಪುಸ್ತಕಗಳಲ್ಲಿ ಬರೀ 'ಚಮಚ' ಎಂದು ಬರೆದು ಕೈತೊಳೆದುಕೊಂಡಿರುತ್ತಾರೆ. ಅಲ್ಲಿಗೆ ಮೂರು ಪಟ್ಟು ವ್ಯತ್ಯಾಸ! ಒಂದು ಟೇಬಲ್ ಸ್ಪೂನ್ ಎಣ್ಣೆ ಎಂದರೆ ಹತ್ತಿರ ಹತ್ತಿರ 120 ಕ್ಯಾಲರಿ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವವರು ಎಷ್ಟು ಸುರಿದರು ಅಂತ ಅವರಿಗೇ ಗೊತ್ತಿರುವುದಿಲ್ಲ. ಎಣ್ಣೆ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ಒಬ್ಬರಿಗೆ ದಿನಕ್ಕೆ 20ರಿಂದ 25 ಗ್ರಾಂ ಎನ್ನುವುದು ನಾನು ಹೇಳುವ ಲೆಕ್ಕ. ಅಂದರೆ ನಿಮ್ಮಿಬ್ಬರಿಗೆ ತಿಂಗಳಿಗೆ ಒಂದೂವರೆ ಕೆಜಿ ಮೀರಬಾರದು.

ಅಕ್ಕಿ, ಅನ್ನಗಳ ಗೊಂದಲವೂ ಇದೆ. ಒಂದು ಕಪ್ ಅಕ್ಕಿ ಎಂದರೆ 650 ಕ್ಯಾಲರಿಗೂ ಮೇಲೆ. ಒಂದು ಕಪ್ ಅನ್ನ ಎಂದರೆ ಸುಮಾರು 200. ಪುಸ್ತಕ ಯಾವುದನ್ನು ಹೇಳುತ್ತಿದೆ ಎಂದು ಎರಡು ಸಲ ಓದಿ.

ನಾಲ್ವರ ಪಲಾವನ್ನು ಇಬ್ಬರು ತಿಂದಿರಿ. ಪುಸ್ತಕದಲ್ಲಿ ಒಬ್ಬರಿಗೆ 350 ಕ್ಯಾಲರಿ ಎಂದಿದ್ದರೆ ನಿಮ್ಮ ಹೊಟ್ಟೆಗೆ ಹೋಗಿದ್ದು 700. ಪುಸ್ತಕದ ಲೆಕ್ಕ ತಪ್ಪಿಲ್ಲ ಸಾರ್. ನಾಲ್ವರ ಪಾಲನ್ನು ಮೊದಲೇ ನಾಲ್ಕು ಡಬ್ಬಿಗೆ ಹಾಕಿ, ಎರಡನ್ನು ಫ್ರಿಜ್ಜಿಗಿಟ್ಟು, ಆಮೇಲೆ ಊಟಕ್ಕೆ ಕೂತುಕೊಳ್ಳಿ. ಜೊತೆಗೆ ಒಂದು ದೊಡ್ಡ ಬಟ್ಟಲು ಕೋಸಂಬರಿ ಇರಲಿ.

ನಮ್ಮ ಮಾವನವರಿಗೆ ಬಿಪಿ. ಕಿಡ್ನಿಯೂ ಸ್ವಲ್ಪ ವೀಕ್ ಆಗಿದೆ ಎಂದಿದ್ದಾರೆ. ಪುಸ್ತಕದಲ್ಲಿ ಮಾಮೂಲಿ ಉಪ್ಪಿನ ಬದಲು ಲೋ ಸೋಡಿಯಂ ಉಪ್ಪು ಹಾಕಿ ಎಂದಿದೆ. ಇಡೀ ಮನೆಗೆ ಅದನ್ನೇ ಹಾಕಬಹುದೇ? — ಶಿವಮೊಗ್ಗ

ಬೇಡಮ್ಮ. ಪ್ಯಾಕೆಟ್ ಒಡೆದಿದ್ದರೆ ಅವರ ಅಡುಗೆಗೆ ಬಳಸುವುದನ್ನು ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ನನಗೆ ಭಯ ಹುಟ್ಟಿಸಿದ ಪತ್ರಗಳಲ್ಲಿ ಇದು ಮೊದಲನೆಯದು.

ಆ ಉಪ್ಪಿನಲ್ಲಿ ಸೋಡಿಯಂ ಕಡಿಮೆ ಮಾಡಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಕಿಡ್ನಿ ಸರಿಯಿದ್ದವರಿಗೆ ಅದು ಅನುಕೂಲವೇ. ಕಿಡ್ನಿ ಸೋತಿದ್ದರೆ ಹೆಚ್ಚಾದ ಪೊಟ್ಯಾಸಿಯಂ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ಹದ ತಪ್ಪುತ್ತದೆ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುವ ಗುಣದವು. ಮಾವನವರ ಚೀಟಿಯಲ್ಲಿ ಇವು ಇವೆಯಾ ನೋಡಿ. ಇದೆ ಅಂತ ಮಾತ್ರೆ ಮಾತ್ರ ನಿಲ್ಲಿಸಬೇಡಿ, ಅದನ್ನು ಡಾಕ್ಟರೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಈ ಬಗೆಯ ಉಪ್ಪಿನ ಪರವಾಗಿ ಸಲಹೆ ಕೊಟ್ಟಾಗಲೂ ಕಿಡ್ನಿ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿದೆ. ಒಳ್ಳೆಯ ಪುಸ್ತಕವಾಗಿದ್ದರೆ ಆ ಪುಟದಲ್ಲೇ ಈ ಮಾತು ಇರಬೇಕಿತ್ತು.

ಸೈಂಧವ ಲವಣ ಹಾಕಬಹುದಾ ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಗೊತ್ತು. ಅದೂ ಬಹುಪಾಲು ಮಾಮೂಲಿ ಉಪ್ಪೇ, ಬಣ್ಣ ಬೇರೆ ಅಷ್ಟೇ.

ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು. ಮಟ್ಟವಾಗಿ ತುಂಬಿದ ಒಂದು ಟೀ ಸ್ಪೂನ್‌ಗಿಂತ ಸ್ವಲ್ಪ ಕಡಿಮೆ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ಒಂದು ಕೆಜಿ ಪ್ಯಾಕೆಟ್ ತಿಂಗಳೊಳಗೇ ಮುಗಿಯುತ್ತಿದ್ದರೆ ಯೋಚಿಸಿ. ಅದರಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಯ ಉಪ್ಪು ಸೇರಿಲ್ಲ. ಮಲೆನಾಡಿನವರಿಗೆ ಅಪ್ಪೆಮಿಡಿ ಬಿಡಿ ಅನ್ನುವಷ್ಟು ಕಟುಕಿ ನಾನಲ್ಲ. ಆದರೆ ಮಾವನವರ ತಟ್ಟೆಗೆ ಬೇಡ. ಅವರ ಸಾರನ್ನು ಉಪ್ಪು ಹಾಕುವ ಮೊದಲೇ ಬೇರೆ ತೆಗೆದಿಡಿ. ಅದಕ್ಕೆ ಹುರಿದ ಜೀರಿಗೆ, ಮೆಣಸಿನ ಪುಡಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಇಳಿಸಿದ ಮೇಲೆ ಡಾಕ್ಟರು ಹೇಳಿದಷ್ಟೇ ಉಪ್ಪು ಮೇಲಿಂದ ಉದುರಿಸಿ. ಕುದಿಯುವಾಗ ಹಾಕಿದ್ದಕ್ಕಿಂತ ಮೇಲೆ ಉದುರಿಸಿದ್ದು ನಾಲಿಗೆಗೆ ಬೇಗ ಸಿಗುತ್ತದೆ.

ತೂಕ ಇಳಿಸಲು ಮೂರು ಹೊತ್ತೂ ರಾಗಿ ಮುದ್ದೆ ತಿನ್ನುತ್ತಿದ್ದೇನೆ. ಅನ್ನ ಮುಟ್ಟಿಲ್ಲ. ತೂಕ ಅಲ್ಲೇ ಇದೆ. ರಾಗಿ ಒಳ್ಳೆಯದು ಎನ್ನುವುದು ಸುಳ್ಳೇ? — ಮಂಡ್ಯ

ಸುಳ್ಳಲ್ಲಪ್ಪ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಇಲ್ಲ. ನಾರು ರಾಗಿಯಲ್ಲಿ 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಆದರೆ ಕ್ಯಾಲರಿ ನೋಡಿ: ರಾಗಿ ಸುಮಾರು 320, ಅಕ್ಕಿ ಸುಮಾರು 355. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಿಮ್ಮ ಮುದ್ದೆಯ ಗಾತ್ರ ಪತ್ರದಲ್ಲಿ ಬರೆದಿಲ್ಲ, ಅದನ್ನೇ ಬಚ್ಚಿಟ್ಟಿದ್ದೀರಿ! ಗದ್ದೆ ಉಳುತ್ತಿದ್ದ ಅಜ್ಜನ ಗಾತ್ರದ ಮುದ್ದೆಯನ್ನು ಕಂಪ್ಯೂಟರ್ ಮುಂದೆ ಕೂರುವ ಮೊಮ್ಮಗ ತಿಂದರೆ ಅದು ಎಲ್ಲಿಗೆ ಹೋಗಬೇಕು?

ಮುದ್ದೆ ಒಂದು ಹೊತ್ತಿಗೆ ಇರಲಿ, 60 ಗ್ರಾಂ ಹಿಟ್ಟಿನದು. ಹಿಟ್ಟನ್ನು ತೂಗಿಯೇ ಎಸರಿಗೆ ಹಾಕಿ. ಜೊತೆಗೆ ಸಾರು ಕಡಿಮೆ, ಪಲ್ಯ ಜಾಸ್ತಿ. ನಿಮ್ಮ ಕಡೆಯ ಬಸ್ಸಾರು, ಉಪ್ಸಾರುಗಳನ್ನು ಯಾವ ಡಯಟ್ ಪುಸ್ತಕವೂ ಮೀರಿಸುವುದು ಕಷ್ಟ. ಸೊಪ್ಪು, ಕಾಳು ಬೆಂದ ನೀರನ್ನು ಚೆಲ್ಲದೆ ಸಾರು ಮಾಡುತ್ತೀರಿ. ನೀರಿಗೆ ಇಳಿದ ವಿಟಮಿನ್‌ಗಳು ಬಚ್ಚಲಿಗೆ ಹೋಗುವುದಿಲ್ಲ. ಉಪ್ಸಾರಿಗೆ ಎಣ್ಣೆಯೂ ಬೇಕಿಲ್ಲ. ಖಾರಕ್ಕೆ ಹಾಕುವ ಉಪ್ಪಿನ ಮೇಲೆ ಮಾತ್ರ ಕಣ್ಣಿರಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ, ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಊಟವಾದ ತಕ್ಷಣ ಕಾಫಿ ಕುಡಿದರೆ ಆ ಲಾಭ ಅರ್ಧ ಹೋಯಿತು.

ನನಗೆ ಸಕ್ಕರೆ ಕಾಯಿಲೆ. ಪುಸ್ತಕ ನೋಡಿ ನನಗೊಂದು ಅಡುಗೆ, ಅತ್ತೆಗೆ ಮೆತ್ತಗಿನದು, ಮಕ್ಕಳಿಗೆ ಬೇರೆ, ಯಜಮಾನರಿಗೆ ರೊಟ್ಟಿ. ಬೆಳಿಗ್ಗೆ ಐದಕ್ಕೆ ಎದ್ದರೂ ಮುಗಿಯುವುದಿಲ್ಲ. — ಧಾರವಾಡ

ನಾಲ್ಕು ಅಡುಗೆ ಯಾಕೆ ತಂಗಿ? ಒಂದೇ ಅಡುಗೆ ಮಾಡಿ, ತಟ್ಟೆ ಮಾತ್ರ ಬದಲಿಸಿ. ಆಸ್ಪತ್ರೆಯಲ್ಲಿ ನಾವು ಮಾಡುತ್ತಿದ್ದದ್ದೂ ಅದನ್ನೇ. ಒಂದು ದೊಡ್ಡ ಪಾತ್ರೆಯ ಬೇಳೆ, ಅದರಿಂದ ಉಪ್ಪಿಲ್ಲದ್ದು, ಖಾರವಿಲ್ಲದ್ದು, ಮಾಮೂಲಿ, ಹೀಗೆ ಬೇರೆ ಬೇರೆ ಮಾಡಿ ತೆಗೆಯುತ್ತಿದ್ದೆವು.

ನಿಮ್ಮ ಕಡೆಯ ಊಟವನ್ನೇ ಇಟ್ಟುಕೊಳ್ಳಿ: ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳಿನ ಪಲ್ಯ, ಮೂಲಂಗಿ–ಉಳ್ಳಾಗಡ್ಡಿ–ಹಸಿ ಮೆಂತ್ಯದ ಪಚಡಿ, ಗುರೆಳ್ಳು ಹಿಂಡಿ (ನಮ್ಮ ಕಡೆಯ ಹುಚ್ಚೆಳ್ಳು ಚಟ್ನಿಪುಡಿ), ಮೊಸರು. ನಿಮ್ಮ ತಟ್ಟೆಯಲ್ಲಿ ಅರ್ಧ ಭಾಗ ಪಲ್ಯ, ಪಚಡಿ. ಕಾಲು ಭಾಗ ಕಾಳು. ಉಳಿದ ಕಾಲಿನಲ್ಲಿ ರೊಟ್ಟಿ. ಯಜಮಾನರ ತಟ್ಟೆಯಲ್ಲಿ ರೊಟ್ಟಿ ಜಾಸ್ತಿ ಇರಲಿ. ಅತ್ತೆಯವರಿಗೆ ಅದೇ ರೊಟ್ಟಿಯನ್ನು ಬಿಸಿ ಬೇಳೆಕಟ್ಟಿನಲ್ಲಿ ಮುರಿದು ನೆನೆಸಿ ಕೊಡಿ. ಮಕ್ಕಳಿಗೆ ಅದೇ ಪಲ್ಯಕ್ಕೆ ಮೇಲೊಂದು ಚಮಚ ತುಪ್ಪ. ಪುಸ್ತಕದ ಸಲಾಡ್ ಡ್ರೆಸ್ಸಿಂಗ್ ಎಂಬುದಕ್ಕೆ ಮೊಸರಿನಲ್ಲಿ ಗುರೆಳ್ಳು ಪುಡಿ ಕಲಸಿ ನೋಡಿ, ಆಮೇಲೆ ನನಗೆ ಬರೆಯಿರಿ. ಶೇಂಗಾ ಹಿಂಡಿಯನ್ನು ಮಾತ್ರ ಚಮಚದಲ್ಲಿ ಹಾಕಿಕೊಳ್ಳಿ, ಕೈಯಲ್ಲಿ ಬೇಡ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪುಸ್ತಕ ಹೇಳಿತು ಅಂತ ಒಂದೇ ಸಲಕ್ಕೆ ರೊಟ್ಟಿ ಅರ್ಧ ಮಾಡಬೇಡಿ. ಊಟ ಇಳಿದು ಔಷಧಿ ಅಷ್ಟೇ ಇದ್ದರೆ ಸಕ್ಕರೆ ದಿಢೀರ್ ಎಂದು ಬೀಳುತ್ತದೆ. ಮೊದಲು ಡಾಕ್ಟರನ್ನು ಕೇಳಿ.

ಪುಸ್ತಕದಲ್ಲಿ 'ಶುಗರ್ ಫ್ರೀ' ಉಂಡೆಗೆ ಬೆಲ್ಲ, ಖರ್ಜೂರ, ಜೇನುತುಪ್ಪ ಹಾಕಿದ್ದಾರೆ. ನಮ್ಮ ತಂದೆಗೆ ಶುಗರ್ ಇದೆ, ಕೊಡಬಹುದಾ? — ತುಮಕೂರು

ಮೂರೂ ಸಕ್ಕರೆಯೇ. ಬೆಲ್ಲದಲ್ಲೂ ಗ್ರಾಂಗೆ ಸುಮಾರು 4 ಕ್ಯಾಲರಿ, ಖರ್ಜೂರದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಸಕ್ಕರೆ. ಹಬ್ಬಕ್ಕೆ ಒಂದು ಪುಟ್ಟ ಉಂಡೆ ಊಟದ ಜೊತೆ ಕೊಡಿ, ಉಂಡೆ ಅಂತಲೇ ಕೊಡಿ. ಔಷಧಿಯ ಹಾಗೆ ದಿನಾ ಕೊಡಬೇಡಿ.

ಮಗಳಿಗೆ ಹದಿನೈದು. ದಪ್ಪ ಆಗಿದ್ದೇನೆ ಅಂತ ಪುಸ್ತಕದ ದಿನಕ್ಕೆ 1200 ಕ್ಯಾಲರಿ ಪಟ್ಟಿ ಹಿಡಿದಿದ್ದಾಳೆ. ತಿಂಗಳ ಮುಟ್ಟು ಎರಡು ಸಲ ತಪ್ಪಿದೆ. — ಹೆಸರು, ಊರು ಬೇಡ

ಇದು ಎರಡನೆಯ ಭಯದ ಪತ್ರ. ಆ ಪಟ್ಟಿ ದೊಡ್ಡವರಿಗೆ ಬರೆದದ್ದು. ಬೆಳೆಯುವ ಹುಡುಗಿಗೆ ಅದು ಊಟವಲ್ಲ, ಉಪವಾಸ. ಮುಟ್ಟು ತಪ್ಪಿದೆ ಎಂದರೆ ಮೈ ಕೇಳುತ್ತಿದೆ. ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹಿಮೋಗ್ಲೋಬಿನ್ನೂ ನೋಡಿಸಿ. ಬೈಯಬೇಡಿ. ಮನೆಯಲ್ಲಿ ಯಾರಾದರೂ ಅವಳ ಮೈ ಬಗ್ಗೆ ತಮಾಷೆ ಮಾಡುತ್ತಿದ್ದರೆ ಬೈಯಬೇಕಾದದ್ದು ಅವರಿಗೆ. ಅವಳು ತಾನೇ ಅಡುಗೆ ಮಾಡಲು ಆಸೆಪಟ್ಟರೆ ಮಾಡಲಿ, ಆ ಪಟ್ಟಿ ಮಾತ್ರ ಬೇಡ.

ನಮ್ಮದು ಕರಾವಳಿ. ಪುಸ್ತಕ ತೆಂಗಿನಕಾಯಿ ಪೂರ್ತಿ ಬಿಡಿ ಎನ್ನುತ್ತದೆ. ಮನೆಯವರು ನನ್ನನ್ನೇ ಬಿಡುತ್ತಾರೆ! — ಕುಂದಾಪುರ

ನಾನು ತಿಪಟೂರಿನವಳು. ಕಾಯಿ ಬಿಡಿ ಅಂತ ನನ್ನ ಬಾಯಿಂದ ಬರುವುದಿಲ್ಲ. ಆದರೆ ಲೆಕ್ಕ ಹೇಳುತ್ತೇನೆ. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 350 ಕ್ಯಾಲರಿ, ಹೆಚ್ಚಿನದು ಕೊಬ್ಬು, ಅದೂ ಕೊಲೆಸ್ಟರಾಲ್ ಏರಿಸುವ ಬಗೆಯದು. ಸಾಂಬಾರಿಗೆ ಅರ್ಧ ಕಾಯಿ, ಪಲ್ಯಕ್ಕೆ ಒಂದು ಹಿಡಿ, ಚಟ್ನಿಗೆ ಇನ್ನರ್ಧ. ಒಂದೇ ಹೊತ್ತಿಗೆ ಮೂರು ಕಡೆ ಕಾಯಿ ಬಿದ್ದರೆ ಲೆಕ್ಕ ಕೆಡುತ್ತದೆ.

ಒಂದು ಊಟಕ್ಕೆ ಒಂದೇ ಕಾಯಿ ಅಡುಗೆ ಅಂತ ಮಾಡಿಕೊಳ್ಳಿ. ಹುಳಿಗೆ ಕಾಯಿ ಹಾಕಿದ ದಿನ ಪಲ್ಯಕ್ಕೆ ಬೇಡ, ಬರೀ ಸಾಸಿವೆ, ಒಣಮೆಣಸು, ಕರಿಬೇವು ಸಾಕು. ಹುಳಿಗೂ ಅರ್ಧ ಕಾಯಿಯ ಬದಲು ಕಾಲು ಕಾಯಿ ಹಾಕಿ. ಗಟ್ಟಿ ಬರಲು ಬೆಂದ ತೊಗರಿಬೇಳೆ ಎರಡು ಸೌಟು ಅಥವಾ ಬೆಂದ ಸಿಹಿಗುಂಬಳದ ನಾಲ್ಕು ಹೋಳನ್ನು ಮಸಾಲೆ ಜೊತೆಗೇ ರುಬ್ಬಿ. ಕೊತ್ತಂಬರಿ, ಮೆಂತ್ಯವನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಹುರಿಯಿರಿ. ಮಸಾಲೆ ಹುರಿದದ್ದು ಸರಿಯಿದ್ದರೆ ಕಾಯಿ ಕಡಿಮೆಯಾದದ್ದು ಮನೆಯವರಿಗೆ ಗೊತ್ತಾಗುವುದಿಲ್ಲ. ನೀವಾಗಿ ಹೇಳಬೇಡಿ ಅಷ್ಟೇ.

ಒಂದು ಡಯಟ್ ಅಡುಗೆ ಪುಸ್ತಕ ಕೊಳ್ಳಬೇಕು. ಯಾವುದು ತೊಗೊಳ್ಳಲಿ? — ಬೆಂಗಳೂರು

ಹೆಸರು ಹೇಳುವುದಿಲ್ಲ. ಅಂಗಡಿಯಲ್ಲಿ ನಿಂತು ಹೀಗೆ ನೋಡಿ. ಮುಖಪುಟದ ಮೇಲೆ ಇಷ್ಟು ದಿನದಲ್ಲಿ ಇಷ್ಟು ಕೆಜಿ ಎಂದಿದ್ದರೆ ಅಲ್ಲೇ ಬಿಡಿ. ಒಳಗೆ ಅಳತೆ ಗ್ರಾಂನಲ್ಲಿ ಇದೆಯಾ, ಎಷ್ಟು ಜನಕ್ಕೆ ಎಂದಿದೆಯಾ, ಯಾವ ಕಾಯಿಲೆಯವರು ಯಾವ ಅಡುಗೆ ಮಾಡಬಾರದು ಎಂದು ಬರೆದಿದ್ದಾರಾ ನೋಡಿ. ಡಯಟ್ ಪುಸ್ತಕದಲ್ಲಿ 'ರುಚಿಗೆ ತಕ್ಕಷ್ಟು ಉಪ್ಪು, ಒಗ್ಗರಣೆಗೆ ಎಣ್ಣೆ' ಅಂತ ಇದ್ದರೆ ಬರೆದವರು ಅಳೆದೇ ಇಲ್ಲ ಅಂತ ಅರ್ಥ. ಫೋಟೋ ಚೆನ್ನಾಗಿದೆ ಅಂತ ತೊಗೊಳ್ಳಬೇಡಿ.

ಕೊಳ್ಳುವ ಮೊದಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯನ್ನು ಒಮ್ಮೆ ನೋಡಿ. 17 ಸಲಹೆಗಳಿವೆ, ದಿನಕ್ಕೆ ಯಾವುದು ಎಷ್ಟು ಗ್ರಾಂ ಅಂತ ತಟ್ಟೆಯ ಚಿತ್ರವೂ ಇದೆ. ಸಂಸ್ಥೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ.